ಇಂಜಿನ್ನಿನ ಮೇಲಿನ ಇಸವಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಸೀಮೆಎಣ್ಣೆಯ ವಾಸನೆ ಮಾತ್ರ ಸುಳ್ಳಲ್ಲ. ಈಗಲೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ಜಯನಗರದ ಮನೆಯ ಪಕ್ಕದ ತಗಡಿನ ಶೆಡ್ಡು, ಬಾನೆಟ್ ಎತ್ತಿಕೊಂಡು ನಿಂತ ತಾತನ ಹಳೆಯ ಕಾರು, ಅದರೊಳಗೆ ಸೊಂಟದವರೆಗೆ ಬಗ್ಗಿದ ಚಿಕ್ಕಪ್ಪ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಆ ಮನೆ ಈಗಿಲ್ಲ.

ಅದು ತೊಂಬತ್ತರ ದಶಕದ ಒಂದು ಬೇಸಿಗೆ ರಜೆ. ಹಳೆಯ ಕಾರುಗಳ ಮೆರವಣಿಗೆಗೆ ನಮ್ಮದನ್ನೂ ಒಯ್ಯುವ ಹುಚ್ಚು ಚಿಕ್ಕಪ್ಪನಿಗೆ. ಒಂದು ಭಾಗವೂ ಬದಲಾಗದ ಕಾರು ಎಂದು ಬೀದಿಗೆಲ್ಲ ಹೇಳಿಕೊಂಡಿದ್ದರು. ಅಪ್ಪ ಮಾತ್ರ ಶೆಡ್ಡಿಗೆ ಕಾಲಿಡುತ್ತಿರಲಿಲ್ಲ. ಎಲ್ಲಿಗೆ ಹೋದರೂ ಬಸ್ಸೇ. ಆಯುಧಪೂಜೆಗೆ ಅಜ್ಜಿ ವರ್ಷ ವರ್ಷವೂ ಇಂಜಿನ್ನಿಗೇ ಹಚ್ಚುತ್ತಿದ್ದ ಅರಿಸಿನ ಕುಂಕುಮ ಜಿಡ್ಡಿನೊಡನೆ ಸೇರಿ ಗಟ್ಟಿಯಾಗಿತ್ತು. ಚಿಕ್ಕಪ್ಪ ಸೀಮೆಎಣ್ಣೆಯಲ್ಲಿ ಅದ್ದಿದ ಟೂತ್‌ಬ್ರಷ್ಷಿನಿಂದ ಉಜ್ಜಿದಾಗ ಅದರಡಿ ಎರಕದಲ್ಲೇ ಉಬ್ಬಿ ಬಂದ ಪುಟ್ಟ ವೃತ್ತವೊಂದು ಕಂಡಿತು, ಮುಳ್ಳಿಲ್ಲದ ಗಡಿಯಾರದಂತೆ.

"ಇದು ಇಂಜಿನ್ ಜಾತಕ ಕಣೇ ಪುಟ್ಟಿ. ನಡುವೆ ಇರೋದು ಎರಕ ಹೊಯ್ದ ಇಸವಿ. ಸುತ್ತ ತಿಂಗಳಿಗೊಂದು ಚುಕ್ಕಿ. ನಿನ್ನ ಜಾತಕಕ್ಕಿಂತ ವಾಸಿ, ಸುಳ್ಳು ಹೇಳಲ್ಲ."

ನಾನು ನಕ್ಕೆ. ಅವರು ಇಸವಿ ಓದಿದರು, ಒರೆಸಿದರು, ಮತ್ತೆ ಓದಿದರು.

"ಕಾರು ಬಂದಾಗ ನಾನು ಹುಟ್ಟೇ ಇರ್ಲಿಲ್ಲ. ಈ ಇಂಜಿನ್ನು ನಾನು ಸ್ಕೂಲಿಗೆ ಸೇರಿದ ವರ್ಷದ್ದು. ಅಂದ್ರೆ ಆಮೇಲೆ ಬದಲಾಯಿಸಿದ್ದಾರೆ." ಬ್ರಷ್ಷನ್ನು ಕೆಳಗಿಟ್ಟು, "ಅಕ್ಕ ಹೋಗಿದ್ದೂ ಅದೇ ವರ್ಷ," ಎಂದರು.

ಅವರ ಅಕ್ಕನೆಂದರೆ ನನಗೆ ಫೋಟೊದ ಅತ್ತೆ, ಎರಡು ಜಡೆಯವಳು. ಕಾಮಾಲೆಯಿಂದ ತೀರಿಕೊಂಡಳೆಂದು ನಮಗೆಲ್ಲ ಹೇಳಿದ್ದರು. ಚಿಕ್ಕಪ್ಪ ಜಿಡ್ಡು ಕೈಯಲ್ಲೇ ಅಡುಗೆಮನೆಗೆ ನಡೆದರು. ನಾನು ಬಾಗಿಲಲ್ಲಿ ನಿಂತೆ.

"ಅಮ್ಮಾ, ಕಾರು ಆಕ್ಸಿಡೆಂಟ್ ಆಗಿತ್ತಾ? ಅಕ್ಕ ಅದರಲ್ಲಿದ್ಲಾ?"

ಅಜ್ಜಿ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಹೂಂ. ನೀನು ಚಿಕ್ಕೋನು, ಹೇಳೋದು ಬೇಡ ಅಂದ್ಕೊಂಡ್ವಿ. ನಿಮ್ಮಣ್ಣನ ಮುಂದೆ ಮಾತ್ರ ಈ ಮಾತೆತ್ತಬೇಡ."

ಚಿಕ್ಕಪ್ಪ ಎತ್ತಲಿಲ್ಲ. ಕಾರು ಮೆರವಣಿಗೆಗೆ ಹೋಗಲಿಲ್ಲ. ಮುಂದಿನ ವರ್ಷ ಯಾರೋ ಲಾರಿಗೆ ಏರಿಸಿಕೊಂಡು ಹೋದರು. ಆ ವೃತ್ತದ ಸುತ್ತ ಎಷ್ಟು ಚುಕ್ಕಿಗಳಿದ್ದವೋ, ನಿಜಕ್ಕೂ ನಾನು ಬಾಗಿಲಲ್ಲಿದ್ದೆನೋ ಅಥವಾ ಚಿಕ್ಕಪ್ಪ ಆಮೇಲೆ ಹೇಳಿದ್ದೋ, ಈಗ ಕೇಳೋಣವೆಂದರೆ ಚಿಕ್ಕಪ್ಪ, ಅಜ್ಜಿ ಇಬ್ಬರೂ ಇಲ್ಲ.

ಅಪ್ಪ ಇದ್ದಾರೆ. ಜೆ.ಪಿ. ನಗರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಸಂಜೆ ಅವರ ಪಕ್ಕ ಕುಳಿತು, ರಸ್ತೆಯನ್ನೇ ನೋಡುತ್ತ, ಕೊನೆಗೂ ಕೇಳಿಬಿಟ್ಟೆ: "ಅಪ್ಪಾ, ಅವತ್ತು ಕಾರು ಓಡಿಸ್ತಿದ್ದಿದ್ದು ನೀವೇನಾ?"