ಗಂಡನ ಹೆಸರು

ಮೈಸೂರಿನ ಕಾನ್ವೆಂಟಿನಲ್ಲಿ ನಾನೂ ನನ್ನ ಗೆಳತಿಯೂ ಒಂದು ಪ್ರಾಮಿಸ್ ಮಾಡಿಕೊಂಡಿದ್ದೆವು. ಮದುವೆಯಾದ ಮೇಲೆ ಗಂಡನನ್ನು ಹೆಸರು ಹಿಡಿದೇ ಕರೆಯಬೇಕು. ಹೆಸರು ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮ ಅಮ್ಮಂದಿರು ಬಾಯಿ ಬಿಗಿಹಿಡಿಯುತ್ತಿದ್ದುದು ನಮಗೆ ವೆರಿ ಸಿಲ್ಲಿ. ಬೋರ್ಡಿಂಗಿನ ಮಂಚದ ಮೇಲೆ ಕೂತು, ಎಲ್ಲಿದ್ದಾರೋ ಗೊತ್ತಿಲ್ಲದ ಗಂಡಂದಿರನ್ನು ಬಾಯಿಗೆ ಬಂದ ಹೆಸರಿನಿಂದ ಕೂಗಿ ನಗುತ್ತಿದ್ದೆವು.

ಎರಡನೇ ಮಹಾಯುದ್ಧ ಶುರುವಾದ ವರ್ಷ, ಓದು ಮುಗಿಯುವ ಮೊದಲೇ, ನನ್ನನ್ನು ಮದ್ದೂರಿಗೆ ಕೊಟ್ಟರು. ಕಬ್ಬಿನ ಗದ್ದೆ, ಆಲೆಮನೆ ಇದ್ದ ಕುಟುಂಬ. ನಮ್ಮ ಯಜಮಾನರು ಮೃದು ಮನುಷ್ಯ. ನಾನು ಇಂಗ್ಲಿಷ್ ಓದಿದರೆ ಅರ್ಥವಾಗದಿದ್ದರೂ ಕೇಳುತ್ತ ಕೂರುವರು. ಆದರೂ ಒಳಗೊಳಗೆ ನಾನು ಕಾನ್ವೆಂಟಿನ ಹುಡುಗಿಯೇ. ಮುದ್ದೆ ಅಗಿಯದೆ ನುಂಗಲು ಕಲಿತದ್ದು, ತಲೆ ಮೇಲೆ ಸೆರಗು ಹೊದ್ದದ್ದು, ಎಲ್ಲ ಟೆಂಪೊರರಿ ಅಂದುಕೊಂಡಿದ್ದೆ.

ಜೂನಿನಲ್ಲಿ ರಜೆ ಮುಗಿಸಿ ಗೆಳತಿ ಬೆಂಗಳೂರಿನಿಂದ ಮೈಸೂರಿಗೆ ನಮ್ಮೂರಿನ ಮೇಲೆಯೇ ಹೋಗುತ್ತಾಳೆಂದು ಗೊತ್ತಿತ್ತು. 'ನೀನೇನೂ ಬದಲಾಗಿಲ್ಲ' ಅಂತ ಅವಳ ಬಾಯಿಂದ ಒಮ್ಮೆ ಕೇಳಿದರೆ ಸಾಕು ಅನ್ನಿಸಿತ್ತು. ಸ್ಟೇಷನ್ನಿಗೆ ಹೋಗಲು ಅತ್ತೆಯ ಅಪ್ಪಣೆ ಕೇಳಿದೆ.

"ರೈಲ್ ನೋಡಕ್ಕೆ ನೀನೇನ್ ಚಿಕ್ಕ ಮಗೀನಾ?" ಅಂದರು. ಆಮೇಲೆ ತಾವೇ ಎದ್ದು, "ನಡಿ ನಡಿ, ನಾನೂ ಬತ್ತೀನಿ. ಒಬ್ಳನ್ನೇ ಬುಟ್ರೆ ನೀನೂ ರೈಲತ್ತಿ ಓಗ್ಬುಡ್ತೀಯ."

ರೈಲು ಬಂದು ನಿಂತಿತು. ವಡೆ ಮಾರುವವರ ಗದ್ದಲದ ನಡುವೆ ಒಂದು ಕಿಟಕಿಯಲ್ಲಿ ಅವಳು. ಕಂಡವಳೇ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಮಾತಿನ ಮಳೆ ಸುರಿಸಿದಳು. ನಾನೂ ತಡವರಿಸದೆ ಉತ್ತರ ಕೊಟ್ಟೆ. ಬಾಯಾರಿದವಳಿಗೆ ನೀರು ಸಿಕ್ಕಂತಿತ್ತು.

ಆಮೇಲೆ ಅವಳು ಕಣ್ಣು ಮಿಟುಕಿಸಿ, ಬೇಕೆಂದೇ ಕನ್ನಡದಲ್ಲಿ, "ಎಲ್ಲಿ, ನಿನ್ನ ಗಂಡನ ಹೆಸರು ಕೂಗು ನೋಡೋಣ. ಪ್ರಾಮಿಸ್ ಈಸ್ ಪ್ರಾಮಿಸ್" ಅಂದಳು.

ಬಾಯಿ ತೆರೆದೆ. ಹಿಂದಿನ ವಾರವಷ್ಟೇ ಅವರಿಗೆ ವಿಪರೀತ ಜ್ವರ ಬಂದು ಇಳಿದಿತ್ತು. ಆ ಹಣೆಯ ಬಿಸಿ ಇನ್ನೂ ನನ್ನ ಅಂಗೈಯಲ್ಲಿತ್ತು. ಹೆಸರು ಗಂಟಲಿನಿಂದ ಮೇಲೆ ಬರಲಿಲ್ಲ.

"ಯಾಕೆ, ಮರೆತೇ ಹೋಯ್ತಾ?"

ಅತ್ತೆ ಮುಂದೆ ಬಂದರು. "ಅವಳ್ನ ಯಾಕವ್ವ ಕೇಳೀಯೆ? ಎತ್ತ ತಾಯಿ ನಾನಿಲ್ವಾ?" ಎಂದು ಮಗನ ಹೆಸರನ್ನು ಪ್ಲಾಟ್‌ಫಾರಮ್ಮಿಗೆಲ್ಲ ಕೇಳುವಂತೆ ಹೇಳಿದರು.

ಗೆಳತಿ ನಕ್ಕಳು. ಕೆಟ್ಟ ನಗುವಲ್ಲ. ನಮ್ಮ ಅಮ್ಮಂದಿರ ಬಗ್ಗೆ ನಾವಿಬ್ಬರೂ ನಗುತ್ತಿದ್ದೆವಲ್ಲ, ಅದೇ ನಗು. ಈಗ ನಾನು ಕಿಟಕಿಯ ಈಚೆಗಿದ್ದೆ. ಅವಳು ಕೈ ಬೀಸುತ್ತಿದ್ದಂತೆ ರೈಲು ಹೊರಟುಹೋಯಿತು.

ವಾಪಸು ಬರುವಾಗ ಅತ್ತೆ ಕೇಳಿದರು, "ಅಳ್ತಿದ್ದೀಯಾ?"

"ಇಲ್ಲ ಕಣತ್ತೆ."

"ಅತ್ರೆ ಅಳು, ಯಾರ್ ಬ್ಯಾಡ ಅಂದೋರು. ಮನೆ ಸೇರೋಗಂಟ ಅಳು."

ಮರುವರ್ಷ ಜೂನಿನಲ್ಲಿ ಸ್ಟೇಷನ್ನಿಗೆ ಹೋಗಲು ನಾನು ಕೇಳಲಿಲ್ಲ. ಆದರೆ ರೈಲಿನ ಶಿಳ್ಳೆ ಹಿತ್ತಲಿಗೂ ಕೇಳಿಸುತ್ತಿತ್ತು. ಯಜಮಾನರ ಅಂಗಿ ಹಿಂಡುತ್ತಿದ್ದ ಕೈ ನಿಂತುಹೋಗುತ್ತಿತ್ತು. ಸದ್ದು ಮಂಡ್ಯದ ಕಡೆಗೆ ಕರಗುವ ತನಕ ಹಾಗೇ ನಿಂತಿರುತ್ತಿದ್ದೆ. ಅಷ್ಟು ಹೊತ್ತು ಅತ್ತೆ ನನ್ನನ್ನು ಒಳಗೆ ಕರೆಯುತ್ತಿರಲಿಲ್ಲ.