ಕಂಬದ ಕೆಳಗಿನ ಜಾಗ

ಹುಣಸೂರಿನ ಹೈಸ್ಕೂಲು ಮೈದಾನದಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ನನ್ನ ಸೊಂಟಕ್ಕೆ ದನ ಕಟ್ಟುವ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಬಾಸ್ಕೆಟ್‌ಬಾಲ್ ಕಂಬಕ್ಕೆ ಕಟ್ಟಿದಾಗ ನನಗೆ ಅವಮಾನವೇನೂ ಆಗಲಿಲ್ಲ. ಈಗ ಹೇಳಿದರೆ ಕೇಳಿದವರು ಹೌಹಾರುತ್ತಾರೆ. ಆಗ ನನಗೆ ಹೆಮ್ಮೆಯಾಗಿತ್ತು. ಅಷ್ಟು ಹುಡುಗರಲ್ಲಿ ಹಗ್ಗದ ಯೋಗ್ಯತೆ ಇದ್ದವನು ನಾನೊಬ್ಬನೇ.

ಐವತ್ತರ ದಶಕದ ಆರಂಭದ ಮಾತು. ನಮ್ಮದು ಅಂತರಸಂತೆ. ಹೈಸ್ಕೂಲು ಓದಬೇಕೆಂದರೆ ಊರು ಬಿಡಲೇಬೇಕಿತ್ತು. ಹುಣಸೂರಿನಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು ಈ ಮೇಷ್ಟ್ರೇ. ಮಿಲಿಟರಿಯಲ್ಲಿದ್ದು ಬಂದವರು. ಅವರ ಹೆಂಡತಿ ನನಗೆ ಬಡಿಸುತ್ತಿದ್ದ ಮುದ್ದೆಯ ಗಾತ್ರ ನೋಡಿ ಅವರ ಸ್ವಂತ ಮಕ್ಕಳು ಮುಖ ಊದಿಸಿಕೊಳ್ಳುತ್ತಿದ್ದರು. ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದೆ. ಅದೊಂದೇ ನನ್ನ ಪ್ರತಿಭೆ, ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು.

ಅವರು ಪಲ್ಟನ್ನಿನಲ್ಲಿ ಕಲಿತು ಬಂದ ಆಟಕ್ಕೆ ಊರಿನ ಬುದ್ಧಿಯನ್ನೂ ಸೇರಿಸಿದ್ದರು. ಕಂಬ ತೇಗದ್ದು. ರಿಂಗು ಗಾಡಿ ಚಕ್ರದ ಕಬ್ಬಿಣದ ಪಟ್ಟಿಯಿಂದ ಮಾಡಿಸಿದ್ದು. ನಾನು ಆ ರಿಂಗಿನ ಕೆಳಗೆ ನಿಂತಿರಬೇಕು, ಮಿಕ್ಕವರು ಓಡಾಡಿ ಬಾಲನ್ನು ನನಗೆ ತಲುಪಿಸಬೇಕು. ಆಸೆ ತಡೆಯಲಾರದೆ ನಾನೂ ಬಾಲಿನ ಹಿಂದೆ ಓಡಿಬಿಡುತ್ತಿದ್ದೆ. ಅದಕ್ಕೇ ಹಗ್ಗ.

"ಬಾಲು ನಿನ್ ತಾವ್ಕೇ ಬತ್ತದೆ ಕಣ್ಲಾ, ನೀನ್ಯಾಕ್ ಅದ್ನ ಉಡುಕ್ಕಂಡು ಓದೀಯೆ?" ಎನ್ನುತ್ತಿದ್ದರು. "ಕಣದಾಗೆ ಎತ್ತು ಮೇಟಿ ಬುಟ್ಟು ಓದ್ರೆ ರಾಗಿ ಬೀಳ್ತದೇನ್ಲಾ?"

ಕಣದ ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳು ತುಳಿಯುವುದನ್ನು ನೋಡಿಯೇ ಬೆಳೆದವನು ನಾನು. ಮಾತು ಸರಿಯೆಂದೇ ತೋರಿತು. ಕೆಲವು ತಿಂಗಳಲ್ಲಿ ಹಗ್ಗ ಬಿಚ್ಚಿದರು. ನಾನು ಅಲ್ಲೇ ನಿಂತೆ. ಪಿರಿಯಾಪಟ್ಟಣದವರನ್ನು ಸೋಲಿಸಿದೆವು, ಕೃಷ್ಣರಾಜನಗರದವರನ್ನೂ ಸೋಲಿಸಿದೆವು. ರೆಫರಿ ನಮ್ಮ ಮೇಷ್ಟ್ರೇ ಆಗಿರುತ್ತಿದ್ದರೆಂಬುದು ನಮಗೆ ವಿಶೇಷವೆನಿಸಿರಲಿಲ್ಲ. ಸುತ್ತಿನ ತಾಲ್ಲೂಕುಗಳಲ್ಲಿ ಆಟದ ಕಾನೂನು ಗೊತ್ತಿದ್ದವರು ಅವರೊಬ್ಬರೇ.

ಅವರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು ಮೈಸೂರಿನ ಕಾಲೇಜಿಗೆ ಸೇರಿದ ಮೇಲೆ. ಮೊದಲ ದಿನ ಎತ್ತರ ನೋಡಿ ಖುಷಿಯಿಂದಲೇ ಒಳಗೆ ಬಿಟ್ಟರು. ನಾನು ನೇರ ಹೋಗಿ ಎದುರು ಪಕ್ಷದ ರಿಂಗಿನ ಕೆಳಗೆ ನಿಂತೆ. ಸೀಟಿ ಊದಿದರು. ಮತ್ತೆ ನಿಂತೆ, ಮತ್ತೆ ಊದಿದರು. ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಂತೆ. ಮೇಷ್ಟ್ರು ಮಿಲಿಟರಿ ಬಿಟ್ಟ ಮೇಲೆ ಬಂದ ಕಾನೂನು ಇರಬೇಕು, ಹುಣಸೂರಿನವರೆಗೆ ಬಂದಿರಲಿಲ್ಲ. ನನಗೆ ಬರುತ್ತಿದ್ದದ್ದು ಒಂದೇ ಒಂದು ವಿದ್ಯೆ, ಅದೇ ತಪ್ಪು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು.

ಅಲ್ಲಿನ ಕ್ರೀಡಾ ಅಧ್ಯಾಪಕರು ನಗಲಿಲ್ಲ. ಮದರಾಸಿನಲ್ಲಿ ತರಬೇತಿ ಪಡೆದಿದ್ದ ಚಿಕ್ಕ ವಯಸ್ಸಿನವರು, ಬೈಗುಳ ಅವರ ಬಾಯಲ್ಲೇ ಇರಲಿಲ್ಲ. ನನ್ನಂಥ ಹಳ್ಳಿ ಹುಡುಗನಿಗೂ ಬಹುವಚನ. "ನೀವು ಎಲ್ಲಿಗೆ ಬೇಕಾದರೂ ಓಡಬಹುದು," ಎಂದರು. "ಎಲ್ಲಿಗೆ ಓಡಲಿ ಸಾ?" ಎಂದೆ. "ನಿಮಗೇನನ್ನಿಸುತ್ತೆ?" ಎಂದರು.

ನನಗೇನೂ ಅನ್ನಿಸುತ್ತಿರಲಿಲ್ಲ. ಅದೇ ನನ್ನ ಸಂಕಟ. ಎಲ್ಲವನ್ನೂ ನನ್ನನ್ನೇ ಕೇಳುವುದಾದರೆ ಈ ಪುಣ್ಯಾತ್ಮನಿಗೆ ಸಂಬಳ ಯಾಕೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಓಡಲು ಹೊರಟರೆ ಕಂಬದಿಂದ ಒಂದಿಷ್ಟು ದೂರ ಹೋಗುತ್ತಿದ್ದಂತೆ ಕಾಲು ತಾನಾಗಿ ನಿಲ್ಲುತ್ತಿತ್ತು. ಅಷ್ಟು ದೊಡ್ಡ ಬಯಲು, ಯಾರೂ ತಡೆಯುವವರಿಲ್ಲ, ನನಗೆ ಮಾತ್ರ ಉಸಿರು ಕಟ್ಟುತ್ತಿತ್ತು. ಯಾರಾದರೂ ಕೆಟ್ಟದಾಗಿ ಬೈದು ಒಂದು ಕಡೆ ನಿಲ್ಲಿಸಬಾರದೇ ಎಂದು ಹಂಬಲಿಸುತ್ತಿದ್ದೆ. ಉಳಿದ ಹುಡುಗರು ಅದೇ ಅಧ್ಯಾಪಕರ ಕೈಕೆಳಗೆ ದಿನದಿಂದ ದಿನಕ್ಕೆ ಚುರುಕಾದರು. ನಾನು ಒಂದು ವರ್ಷ ಪೂರ್ತಿ ಹೊರಗೆ ಬೆಂಚಿನ ಮೇಲೆ ಕೂತೆ.

ಎರಡನೆಯ ವರ್ಷ ಹಟ ಬಂತು. ಬೆಳಗ್ಗೆ ಬೇಗ ಎದ್ದು ಒಬ್ಬನೇ ಬಾಲ್ ಪುಟಿಸುತ್ತ ಈ ತುದಿಯಿಂದ ಆ ತುದಿಗೆ ಓಡುವುದನ್ನು ಕಲಿತೆ. ಯಾರೂ ನೋಡದಿದ್ದರೆ ಚೆನ್ನಾಗಿಯೇ ಓಡುತ್ತಿದ್ದೆ. ಅಧ್ಯಾಪಕರು ಅದನ್ನು ಕಂಡಿರಬೇಕು. ಅಂತರಕಾಲೇಜು ಪಂದ್ಯಕ್ಕೆ ತಂಡ ಆರಿಸುವ ಮುಂಚೆ ಹುಣಸೂರಿನಲ್ಲಿ ಒಂದು ಸ್ನೇಹದ ಆಟ ಗೊತ್ತುಮಾಡಿದರು. "ಅಲ್ಲಿ ನಿಮ್ಮ ಆಟ ನೋಡಿ ತೀರ್ಮಾನ ಮಾಡುತ್ತೇನೆ," ಎಂದರು. ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅದು ಸಿಗದಿದ್ದರೆ ಓದು ಮುಗಿಯುವವರೆಗೂ ನನಗೆ ಬೆಂಚೇ ಗತಿ.

ಹುಣಸೂರಿನ ತಂಡ ಕಟ್ಟಿದ್ದವರು ನಮ್ಮ ಹಳೆಯ ಮೇಷ್ಟ್ರೇ. ಬಸ್ಸಿನಿಂದ ಇಳಿಯುತ್ತಿದ್ದಂತೆ ಬಂದು ನನ್ನ ಬೆನ್ನು ಗುದ್ದಿ, "ಏನ್ಲಾ, ಸೊರಗೋಗಿದ್ದೀಯೆ, ಅಲ್ಲಿ ಇಟ್ಟು ಆಕಾಕಿಲ್ವಾ?" ಎಂದರು. ರೆಫರಿಯನ್ನು ನಾವೇ ಮೈಸೂರಿನಿಂದ ಕರೆತಂದಿದ್ದೆವು. ನನ್ನ ಹಳೆಯ ಜಾಗಕ್ಕೆ ಮೇಷ್ಟ್ರು ಇನ್ನೊಬ್ಬ ಉದ್ದನೆಯ ಹುಡುಗನನ್ನು ತಯಾರು ಮಾಡಿದ್ದರು. ಅವನು ರಿಂಗಿನ ಕೆಳಗೆ ನಿಂತಿದ್ದ ರೀತಿ ಥೇಟ್ ನನ್ನದೇ. ಸೀಟಿಯ ಮೇಲೆ ಸೀಟಿ ಬಿತ್ತು. ಮೇಷ್ಟ್ರು ರೆಫರಿಯ ಮೇಲೆ ಹರಿಹಾಯ್ದರು, ಆದರೂ ಹುಡುಗನನ್ನು ಕದಲಿಸಲಿಲ್ಲ.

ಆಟ ಮುಗಿಯುತ್ತ ಬಂದಿತ್ತು. ಆ ಹುಡುಗನಿಗೆ ಬರುತ್ತಿದ್ದ ಬಾಲನ್ನು ನಾನು ನಡುವೆಯೇ ಹಾರಿ ಹಿಡಿದೆ. ಎದುರಿಗೆ ಮೈದಾನ ಪೂರ್ತಿ ಖಾಲಿ. ಬಾಲ್ ಪುಟಿಸುತ್ತ ಓಡಿದೆ. ನಿಜವಾಗಿಯೂ ಓಡಿದೆ. ಅಷ್ಟು ಸಂತೋಷ ನನಗೆ ಆಟದಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ. ಆ ಹುಡುಗ ತಡೆಯಲಾರದೆ ಜಾಗ ಬಿಟ್ಟು ನನ್ನನ್ನು ಅಟ್ಟಿಸಿಕೊಂಡು ಬಂದ. ಗೆರೆಯಾಚೆಯಿಂದ ಮೇಷ್ಟ್ರು ಗರ್ಜಿಸಿದರು.

"ಎಲ್ಲಿಗ್ಲಾ ಓದೀಯೆ? ಅಲ್ಲೇ ನಿಂತ್ಕೊಳ್ಲಾ!"

ಅವನು ನಿಂತ. ನಾನೂ ನಿಂತೆ.

ಕೈಯಲ್ಲಿ ಬಾಲು ಹಿಡಿದುಕೊಂಡು ಮೈದಾನದ ನಡುವೆ ನೆಟ್ಟಗೆ ನಿಂತುಬಿಟ್ಟೆ. ಕೂಗಿದ್ದು ನನಗಲ್ಲ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಅವರ ಕಡೆಯ ಗಿಡ್ಡನೊಬ್ಬ ಬಂದು ಬಾಲು ಕಿತ್ತುಕೊಂಡು ಹೋಗಿದ್ದ. ಜನ ಗೊಳ್ಳೆಂದು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಟವಾದ ಮೇಲೆ ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಮ್ಮ ಅಧ್ಯಾಪಕರ ಹತ್ತಿರ ಬಂದರು. ಮುಖದಲ್ಲಿ ಸಂಭ್ರಮ ತುಂಬಿ ತುಳುಕುತ್ತಿತ್ತು. "ನೋಡುದ್ರಾ ಸಾ? ಕಾಲೇಜಿಗೆ ಓದ್ರೂ ಇನ್ನೂ ನನ್ ಮಾತು ಮೀರಾಕಿಲ್ಲ ಕಣ್ರೀ ಇವ್ನು! ಟೀಮ್ನಾಗೆ ಇಟ್ಕಂಡಿದ್ದೀರಿ ತಾನೆ?"

ಆ ಕೈಯನ್ನು ಕೊಡವಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು. ಅದೇ ಕೈಯ ಅನ್ನ ತಿಂದಿದ್ದೆ. ಕೊಡವಲಾಗಲಿಲ್ಲ.

ಅಧ್ಯಾಪಕರು ನನ್ನ ಕಡೆ ತಿರುಗಿ, "ನೀವೇ ಹೇಳಿ. ತಂಡದಲ್ಲಿದ್ದೀರಾ?" ಎಂದರು.

ವ್ಯಂಗ್ಯವಿರಲಿಲ್ಲ. ಇದ್ದೇನೆ ಎಂದು ಗಟ್ಟಿಯಾಗಿ ಹೇಳಿದ್ದರೆ ಆ ಜಾಗ ಕೊಡುತ್ತಿದ್ದರೆಂದೇ ಇವತ್ತಿಗೂ ನಂಬಿದ್ದೇನೆ. ಇಬ್ಬರೂ ನನ್ನ ಮುಖ ನೋಡುತ್ತ ಕಾದರು. ನಾನು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದೆ. ಯಾರಾದರೊಬ್ಬರು ಹೇಳಿಕೊಡಲಿ ಎಂದು ಕಾಯುತ್ತಿದ್ದೆ.

ಹಳೆಯ ಮೇಷ್ಟ್ರಿಗೆ ತಾಳ್ಮೆ ಕೆಟ್ಟಿತು. "ಇದ್ದೀನಿ ಅನ್ಲಾ!"

"ಇದ್ದೀನಿ," ಎಂದೆ.

ನಮ್ಮ ಅಧ್ಯಾಪಕರು ಮೇಷ್ಟ್ರಿಗೆ ಕೈ ಮುಗಿದು ಬಸ್ಸು ಹತ್ತಿದರು. ಮೈಸೂರಿನವರೆಗೂ ಅವರು ನನ್ನನ್ನು ಏನೂ ಕೇಳಲಿಲ್ಲ.