ಅಪ್ಪನ ಫಿಯಟ್ಟಿನ ರೇಡಿಯೋ

ಬೆಸುಗೆಯ ಹೊಗೆಗೆ ಸುಟ್ಟ ರಾಳದ ವಾಸನೆ ಇರುತ್ತದೆ. ಕಳೆದ ತಿಂಗಳು ಮಲ್ಲಾಪುರದಲ್ಲಿ ಅಕ್ಕನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅದು ಮೂಗಿಗೆ ಬಡಿಯಿತು. ಒಳಗೆ ಕಾಲಿಡುವಷ್ಟರಲ್ಲಿ ನಾನು ಬಿಣಗಾದ ನಮ್ಮ ಹಳೆಯ ಕ್ವಾರ್ಟರ್ಸಿನಲ್ಲಿದ್ದೆ. ಹೆಂಚು ಹೊದಿಸಿದ ಎರಡು ಕೋಣೆ, ಲಾರಿ ಹೋದಾಗಲೆಲ್ಲ ನಡುಗುವ ಕಿಟಕಿ, ಒಲೆಯ ಮೇಲೆ ನಾವು ಆಯಿ ಎನ್ನುತ್ತಿದ್ದ ಅಮ್ಮನ ಬಂಗಡೆ ಮೀನಿನ ಸಾರು, ಅಡುಗೆಮನೆಯ ನೆಲಕ್ಕೆ ಹಳೆಯ ಸೀರೆ ಹಾಸಿ ಕಾರಿನ ರೇಡಿಯೋ ಬಿಚ್ಚಿಕೊಂಡು ಕೂತ ಅಪ್ಪ. ಸಮುದ್ರದ ಉಪ್ಪುಗಾಳಿಗೆ ಅದರ ತಂತಿಗಳು ಹಸಿರುಗಟ್ಟುತ್ತಿದ್ದವು; ಅಪ್ಪ ತಾಳ್ಮೆಯಿಂದ ಕೆರೆದು, ಕಾಯಿಸಿ, ಮತ್ತೆ ಬೆಸೆಯುತ್ತಿದ್ದ. ಆ ಕ್ವಾರ್ಟರ್ಸು ಈಗಿಲ್ಲ. ಹೆದ್ದಾರಿ ಅಗಲವಾದಾಗ ನಮ್ಮ ಅಡುಗೆಮನೆ ಡಾಂಬರಿನ ಕೆಳಗೆ ಹೋಯಿತು. ಹುಟ್ಟಿದ ಮನೆಯ ಮೇಲೆ ಬಸ್ಸಿನಲ್ಲಿ ಕೂತು ಹಾದುಹೋದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಗೋವಾದವರೊಬ್ಬರು ಓಡಿಸಿ ಬಿಟ್ಟ ಫಿಯಟ್ಟನ್ನು ತಂದು ತಾನೇ ರಿಪೇರಿ ಮಾಡಿಕೊಂಡಿದ್ದ. ಭಾನುವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದವನೇ ಮಿಂದು, ಅವಲಕ್ಕಿ ತಿಂದು, ನಮ್ಮನ್ನೆಲ್ಲ ಬೆಳಂಬಾರದ ಅಜ್ಜಿಯ ಮನೆಗೆ ಕರೆದೊಯ್ಯುತ್ತಿದ್ದ. ಮುಂದಿನ ಸೀಟು ಸುಮಕ್ಕನದು. ಡ್ಯಾಶ್‌ಬೋರ್ಡಿನ ನಡುವೆ ಆ ರೇಡಿಯೋ: ಹಳದಿ ದೀಪ, ಕೆಂಪು ಮುಳ್ಳು, ಎರಡು ಬದಿಗೆ ದಂತದ ಬಣ್ಣದ ಗುಂಡಿಗಳು. “ಸುಮಾ, ಪಣಜಿ ಸ್ಟೇಷನ್ ಹಚ್ಚೆ,” ಎನ್ನುತ್ತಿದ್ದ ಅಪ್ಪ. ಅವಳು ಬೆರಳ ತುದಿಯಲ್ಲಿ ಗುಂಡಿ ತಿರುಗಿಸುತ್ತಿದ್ದಳು. ಕರಕರದ ಒಳಗಿನಿಂದ ಯಾರದೋ ದನಿ ಎದ್ದು ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಹೊಟ್ಟೆ ಉರಿಯುತ್ತಿತ್ತು. ನನಗೂ ಕೊಡು ಎಂದು ಅತ್ತರೆ ಆಯಿ ತಲೆಯನ್ನು ತೊಡೆಗೆ ಎಳೆದುಕೊಂಡು, “ನಿಂಗೆ ವಾಂತಿ ಬತ್ತದೆ, ಸುಮ್ನೆ ಮಲ್ಕ,” ಎನ್ನುತ್ತಿದ್ದಳು. ಅವಳ ಸೆರಗಿನ ತಂಪಿನಲ್ಲಿ, ಹಲ್ಲು ಕಚ್ಚಿಕೊಂಡೇ, ನಾನು ನಿದ್ದೆಹೋಗುತ್ತಿದ್ದೆ.

ಅಪ್ಪ ತೀರಿದ ಮೇಲೆ ಕಾರು ಗುಜರಿಗೆ ಹೋಯಿತು. ರೇಡಿಯೋವನ್ನು ಅಕ್ಕ ಬಿಚ್ಚಿಕೊಂಡಳು. ಎಲ್ಲರಿಗೂ ಅದು ಸಹಜವೆನಿಸಿತು. ನಿನಗೆ ಬೇಕಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಮಲ್ಲಾಪುರಕ್ಕೆ ಹೋದಾಗಲೆಲ್ಲ ಅದನ್ನು ಅವಳ ಶೋಕೇಸಿನಲ್ಲಿ ನೋಡಿ, ಚಹಾ ಕುಡಿದು, ಅಂಕೋಲೆಯ ನನ್ನ ಮನೆಗೆ ಮರಳುತ್ತಿದ್ದೆ.

ಕಳೆದ ತಿಂಗಳು ನಾನು ಒಳಗೆ ಕಾಲಿಟ್ಟಾಗ ಅದೇ ರೇಡಿಯೋ ಮೇಜಿನ ಮೇಲೆ ಹೊಟ್ಟೆ ಸೀಳಿಸಿಕೊಂಡು ಬಿದ್ದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಅಕ್ಕ ಕನ್ನಡಕ ಮೂಗಿನ ತುದಿಗಿಳಿಸಿ, ಬೆಸುಗೆ ಕಡ್ಡಿ ಹಿಡಿದು ಕೂತಿದ್ದಳು. ಒಳಗಿನ ಹಳೆಯ ಸುರುಳಿಗಳು, ತುಕ್ಕುಹಿಡಿದ ತಗಡು ಪೇಪರಿನ ಮೇಲಿದ್ದವು. ಅವುಗಳ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಹೊಸ ಬೋರ್ಡು.

“ಎಂತಾ ಮಾಡ್ತಿದ್ಯೆ ಅಕ್ಕಾ? ಅಪ್ಪನ ರೇಡಿಯೋ ಅದು!”

“ಒಳಗೆಲ್ಲ ಸತ್ತೋಗದೆ, ತಂಗಿ. ಮುಳ್ಳು, ಗುಂಡಿ ಅವೇ ಇರ್ತವೆ. ಇನ್ನು ಎಫ್ಎಂ ಬತ್ತದೆ, ಮೊಬೈಲಿಂದು ಹಾಡೂ ಬತ್ತದೆ.”

“ನಂಗೊಂದು ಮಾತು ಕೇಳೂಕಾಗ್ತಿರ್ಲಿಲ್ವ? ಮುಂದಿನ ಸೀಟೂ ನಿಂದೇ, ರೇಡಿಯೋನೂ ನಿಂದೇ. ಈಗ ಬಿಚ್ಚಿ ಬಿಸಾಡೂದೂ ನಿಂದೇ!”

ಐವತ್ತು ದಾಟಿದವಳ ಬಾಯಲ್ಲಿ ಆ ಹಟದ ದನಿ ಕೇಳಿ ನನಗೇ ನಾಚಿಕೆಯಾಯಿತು. ಅಕ್ಕ ನಗಲಿಲ್ಲ. ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟಳು.

“ನಾ ಹಾಡು ಕೇಳೂಕೆ ಮುಂದೆ ಕೂತಿದ್ದೆ ಅಂದ್ಕಂಡ್ಯ? ರಾತ್ರಿಪಾಳಿ ಮಾಡಿ ಬಂದ ಅಪ್ಪಂಗೆ ಕಣ್ಣು ಎಳೀತಿತ್ತು. ಒಂದ್ಸಲ ಅವರ್ಸಾದ ಹತ್ರ ಕಾರು ರಸ್ತೆ ಬಿಟ್ಟು ಮಣ್ಣಿಗಿಳೀತು. ನೀನೂ ಆಯಿನೂ ನಿದ್ದೇಲಿದ್ರಿ. ಅಪ್ಪ ಹೆದ್ರಿ ಸ್ಟೇರಿಂಗ್ ತಬ್ಬಿ ಕೂತ. ‘ಆಯಿಗೆ ಹೇಳ್ಬೇಡ ಮಗಾ’ ಅಂದ. ಆಮೇಲೆ ಅವನ ತಲೆ ವಾಲ್ತು ಅಂದ್ರೆ ನಾ ಸ್ಟೇಷನ್ ತಿರುಗ್ಸೂದು, ಸೌಂಡ್ ಏರ್ಸೂದು. ಬೆಳಂಬಾರ ಮುಟ್ಟೂ ತನ್ಕ ನಂಗೆ ಜೀವ ಕೈಲಿ. ನೀ ಆಯಿ ತೊಡೆ ಮೇಲೆ ಗೊರಕೆ ಹೊಡೀತಿದ್ದೆ. ನಿನ್ನ ಕಂಡ್ರೆ ಎಷ್ಟು ಸಿಟ್ಟು ಬರ್ತಿತ್ತು, ಗೊತ್ತದ್ಯ?”

ಅವಳು ಕೊನೆಯ ತಂತಿ ಬೆಸೆದು, ಮುಚ್ಚಳ ಹಾಕಿ, ರೇಡಿಯೋವನ್ನು ನನ್ನ ಕಡೆ ತಿರುಗಿಸಿದಳು. “ನೀನೇ ಹಚ್ಚು.” ಗುಂಡಿ ನನ್ನ ಬೆರಳಿಗೆ ತಣ್ಣಗೆ ಸಿಕ್ಕಿತು. ಹಳದಿ ಬೆಳಕು ಹೊತ್ತಿತು, ಮುಳ್ಳು ಸರಿಯಿತು, ಕರಕರದ ಸುಳಿವಿಲ್ಲದೆ ಹೆಣ್ಣುದನಿಯೊಂದು ತೊಳೆದ ಗಾಜಿನಂತೆ ಸ್ಪಷ್ಟವಾಗಿ ಹಾಡತೊಡಗಿತು. ಅಕ್ಕ ಕಣ್ಣೊರೆಸಿಕೊಂಡು, “ಬೇಕಾರೆ ತಕಂಡು ಹೋಗೆ,” ಅಂದಳು.

ನಾನು ಬೇಡವೆಂದೆ. ಅವಳು ಅದನ್ನು ದೊಡ್ಡ ಮನಸ್ಸೆಂದು ತಿಳಿದಿರಬೇಕು. ನಿಜದಲ್ಲಿ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ, ಇನ್ನಷ್ಟು ಆಳಕ್ಕಿಳಿದಿತ್ತು. ಅಪ್ಪ ಹೆದರಿದ್ದನ್ನು ಅವಳು ನೋಡಿದ್ದಳು. ಅವನ ಗುಟ್ಟೊಂದನ್ನು ಹೊತ್ತಿದ್ದಳು. ನನಗೆ ಸಿಕ್ಕಿದ್ದು ಆಯಾಸವಿಲ್ಲದ, ಭಯವಿಲ್ಲದ, ಎಲ್ಲರ ಎದುರಿನ ಅಪ್ಪ ಮಾತ್ರ.

ಅಂಕೋಲೆಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಬದಿ ಹಿಡಿದು ಕೂತೆ. ಕಣ್ಣು ಎಳೆಯುತ್ತಿದ್ದರೂ ಮಲಗಲಿಲ್ಲ. ಅವರ್ಸಾ ಬಂದಾಗ ಗಾಜಿಗೆ ಹಣೆಯೊತ್ತಿ ನೋಡಿದೆ. ಅಗಲವಾದ ರಸ್ತೆ, ನಡುವೆ ಕಣಗಿಲೆ ಗಿಡಗಳು, ಆಚೆ ಗದ್ದೆ. ಕಾರು ಎಲ್ಲಿ ಮಣ್ಣಿಗಿಳಿದಿತ್ತೋ ನನಗೆ ತಿಳಿಯಲಿಲ್ಲ.